ಇಬ್ಬರು ಲೆಫ್ಟ್ ಬ್ಯಾಕ್, ಒಂದೇ ಜಾಗ: ಸ್ಟೀವ್ ಕ್ಲಾರ್ಕ್ ಏನ್ ಮಾಡಿದ್ರು?

ಹುಡುಗ್ರಿಗೆ ಫುಟ್‌ಬಾಲ್ ಡಿಫೆನ್ಸ್ ಹೇಳ್ಕೊಡೋ ದಿನ ನಾನು ಮೊದ್ಲು ಬಾಲ್ ಎತ್ತಿಟ್ಬಿಡ್ತೀನಿ. ನಾಲ್ಕು ಜನ ಸಾಲಾಗಿ ನಿಂತ್ಕೊಳ್ಳಿ, ನಾನು ಕೈ ತೋರಿಸಿದ ಕಡೆ ಎಲ್ರೂ ಒಟ್ಟಿಗೆ ಸರೀಬೇಕು, ಪಕ್ಕದವನಿಗೂ ನಿಮಗೂ ಮಧ್ಯೆ ಎಂಟ್ಹತ್ತು ಹೆಜ್ಜೆ ದಾಟ್ಬಾರ್ದು, ಅಷ್ಟೇ ಕೆಲಸ. ಹತ್ತು ನಿಮಿಷಕ್ಕೇ "ಸರ್, ಬಾಲ್ ಕೊಡಿ ಸರ್" ಶುರು. ಈ ಬೋರ್ ಹೊಡೆಸೋ ಕೆಲಸಾನೇ ನಂಬ್ಕೊಂಡು ಮೇಲೆ ಬಂದವರು ಅಂದ್ರೆ ನಂಗೆ ನೆನಪಾಗೋದು 2019ರಲ್ಲಿ ಸ್ಕಾಟ್ಲೆಂಡ್ ಕೋಚ್ ಆದ ಸ್ಟೀವ್ ಕ್ಲಾರ್ಕ್.

1963ರಲ್ಲಿ ಸಾಲ್ಟ್‌ಕೋಟ್ಸ್ ಅನ್ನೋ ಕಡಲ ತೀರದ ಊರಲ್ಲಿ ಹುಟ್ಟಿದ್ದು. ಸೇಂಟ್ ಮಿರೆನ್ ಕ್ಲಬ್ಬಿಗೆ ಆಡೋ ಶುರುವಿನಲ್ಲಿ ಇನ್ನೊಂದು ಕಡೆ ಔಷಧಿ ಫ್ಯಾಕ್ಟರೀಲಿ ಅಪ್ರೆಂಟಿಸ್. 1987ರಲ್ಲಿ ಚೆಲ್ಸಿಗೆ ಹೋಗಿ ರೈಟ್ ಬ್ಯಾಕ್ ಆಗಿ, ಅಂದ್ರೆ ಹಿಂದಿನ ಸಾಲಲ್ಲಿ ಬಲಗಡೆ ನಿಲ್ಲೋ ಡಿಫೆಂಡರ್ ಆಗಿ, 11 ವರ್ಷ, 400ಕ್ಕೂ ಜಾಸ್ತಿ ಮ್ಯಾಚ್ ಆಡಿದ್ರು. ಅಲ್ಲಿ ಕೊನೇ ಮ್ಯಾಚ್ 1998ರ ಯುರೋಪಿನ ಕಪ್ ವಿನ್ನರ್ಸ್ ಕಪ್ ಟೂರ್ನಿ ಫೈನಲ್, ಗೆದ್ದರು. ಆದ್ರೆ ದೇಶಕ್ಕೆ ಆಡೋಕೆ ಸಿಕ್ಕಿದ್ದು ಬರೀ 6 ಮ್ಯಾಚ್!

ಆಮೇಲೆ ತುಂಬಾ ವರ್ಷ ಬೇರೆ ಹೆಡ್ ಕೋಚ್‌ಗಳ ಪಕ್ಕದಲ್ಲಿ ಅಸಿಸ್ಟೆಂಟ್. ನ್ಯೂಕ್ಯಾಸಲಲ್ಲಿ ಗುಲಿಟ್, ಚೆಲ್ಸೀಲಿ ಮೌರಿನ್ಯೋ, ವೆಸ್ಟ್‌ಹ್ಯಾಮಲ್ಲಿ ಜೋಲಾ, ಲಿವರ್‌ಪೂಲಲ್ಲಿ ಡಾಲ್‌ಗ್ಲಿಷ್. 2004-05ರಲ್ಲಿ ಚೆಲ್ಸಿ ಲೀಗ್‌ನ 38 ಮ್ಯಾಚಲ್ಲಿ ಬಿಟ್ಟುಕೊಟ್ಟಿದ್ದು 15 ಗೋಲು. ಹೆಸರು ಬಂದಿದ್ದು ಮೌರಿನ್ಯೋಗೆ, ಅದು ಸರಿನೇ, ಅಸಿಸ್ಟೆಂಟ್ ಕೆಲಸ ಅಂದ್ರೆ ಹಂಗೇ. ಹೆಡ್ ಕೋಚ್ ಆಗಿ ವೆಸ್ಟ್ ಬ್ರಾಮನ್ನ 2012-13ರಲ್ಲಿ ಎಂಟನೇ ಸ್ಥಾನಕ್ಕೆ ತಂದ್ರು, ಮುಂದಿನ ಡಿಸೆಂಬರಲ್ಲೇ ತೆಗೆದುಹಾಕಿದ್ರು. ಅವರನ್ನ ಜನ ನಿಜವಾಗ್ಲೂ ಗಮನಿಸಿದ್ದು ಕಿಲ್ಮಾರ್ನಕ್ ಅನ್ನೋ ಸ್ಕಾಟ್ಲೆಂಡ್ ಕ್ಲಬ್ಬಲ್ಲಿ. 2017ರ ಅಕ್ಟೋಬರಲ್ಲಿ ಟೇಬಲ್‌ನ ತಳದಲ್ಲಿದ್ದ ಟೀಮು 2019ಕ್ಕೆ ಮೂರನೇ ಸ್ಥಾನ.

ಅದೇ ವರ್ಷ ಸ್ಕಾಟ್ಲೆಂಡ್ ಕೆಲಸ ಸಿಕ್ತು, ಜೊತೆಗೆ ಒಂದು ವಿಚಿತ್ರ ತಲೆನೋವು. ಟೀಮಲ್ಲಿ ಇರೋರ ಪೈಕಿ ಬೆಸ್ಟ್ ಅನ್ನಿಸೋ ಇಬ್ಬರು, ಆ್ಯಂಡಿ ರಾಬರ್ಟ್‌ಸನ್ ಮತ್ತೆ ಕಿಯರನ್ ಟಿಯರ್ನಿ, ಇಬ್ರೂ ಎಡಗಾಲಿನವರು, ಇಬ್ರೂ ಲೆಫ್ಟ್ ಬ್ಯಾಕ್. ಒಬ್ಬರನ್ನ ಬೆಂಚಲ್ಲಿ ಕೂರಿಸೋದು ಸುಲಭ, ನಾನಾಗಿದ್ರೆ ಬಹುಶಃ ಅದನ್ನೇ ಮಾಡ್ತಿದ್ದೆ. ಕ್ಲಾರ್ಕ್ ಹಿಂದೆ ಮೂರು ಜನ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ಮಧ್ಯದಲ್ಲಿ ನಿಲ್ಲೋ ಡಿಫೆಂಡರ್) ಇಟ್ಟು ಅದ್ರಲ್ಲಿ ಎಡಗಡೆ ಟಿಯರ್ನೀನ ನಿಲ್ಲಿಸಿದ್ರು, ಅವರ ಮುಂದೆ ವಿಂಗ್‌ಬ್ಯಾಕ್ ಆಗಿ, ಅಂದ್ರೆ ಲೈನ್ ಪಕ್ಕ ಮೇಲೂ ಕೆಳಗೂ ಓಡೋರಾಗಿ, ರಾಬರ್ಟ್‌ಸನ್. ಇದರ ಮಜಾ ಏನಂದ್ರೆ ರಾಬರ್ಟ್‌ಸನ್ ಮೇಲೆ ಹೋದ್ರೆ ಎದುರಾಳಿ ವಿಂಗರ್ (ಗ್ರೌಂಡಿನ ಅಂಚಲ್ಲಿ ಆಡೋನು) ಅವರ ಹಿಂದೇನೇ ಓಡಬೇಕು, ಆಗ ಟಿಯರ್ನಿ ಎದುರಿಗೆ ಯಾರೂ ಇರಲ್ಲ, ಅವರು ಬಾಲ್ ತಗೊಂಡು ಆರಾಮಾಗಿ ಮುಂದೆ ಬರ್ತಾರೆ, ಕೆಲವು ಸಲ ರಾಬರ್ಟ್‌ಸನ್ನ ದಾಟಿ ಲೈನ್ ಪಕ್ಕದಲ್ಲೇ ಓಡಿ ಗೋಲಿನ ಮುಂದಕ್ಕೆ ಕ್ರಾಸ್ ಹಾಕ್ತಾರೆ. ಸೆಂಟರ್ ಬ್ಯಾಕ್ ಕಣ್ರೀ ಅವರು! ಅವರು ಬಿಟ್ಟ ಜಾಗಕ್ಕೆ ಮಧ್ಯದ ಸೆಂಟರ್ ಬ್ಯಾಕ್ ಸರೀಬೇಕು, ಮಿಡ್‌ಫೀಲ್ಡರ್ ಒಬ್ಬ ಕೆಳಗಿಳೀಬೇಕು. ಮತ್ತೆ ಅದೇ, ಸಾಲು ಮತ್ತು ಹೆಜ್ಜೆ.

2020ರ ನವೆಂಬರ್ 12ಕ್ಕೆ ಬೆಲ್‌ಗ್ರೇಡಲ್ಲಿ ಸೆರ್ಬಿಯಾ ಮೇಲೆ ಪೆನಾಲ್ಟೀಲಿ ಗೆದ್ದು ಯೂರೋ ಕಪ್ ಟೂರ್ನಿಗೆ ಹೋಗಿದ್ದು ಈ ಸೆಟ್ಟಿಂಗಲ್ಲೇ, 1998ರ ನಂತ್ರ ಗಂಡಸರ ಟೀಮಿಗೆ ಮೊದಲ ದೊಡ್ಡ ಟೂರ್ನಿ. ಅವತ್ತು ಬಲಗಡೆ ಸೆಂಟರ್ ಬ್ಯಾಕ್ ಆಗಿದ್ದವರು ಮಿಡ್‌ಫೀಲ್ಡರ್ ಮೆಕ್‌ಟಾಮಿನೇ.

ಕೆಟ್ಟಾಗ ಇದೇ ಸೆಟ್ಟಿಂಗ್ ಹೆಂಗೆ ಕೆಡುತ್ತೆ ಅಂತಾನೂ ನೋಡ್ಬೇಕು. 2024ರ ಜೂನಲ್ಲಿ ಮ್ಯೂನಿಕಲ್ಲಿ ಜರ್ಮನಿ ಕೈಲಿ 5-1 ಸೋಲು. ಮೊದಲ ಗೋಲು ನೋಡಿ, ಜರ್ಮನಿಯ ಕ್ರೂಸ್ ಹತ್ರ ಒಬ್ಬನೂ ಹೋಗಲ್ಲ, ಅವರು ಆ ಕಡೆಯಿಂದ ಈ ಕಡೆಗೆ ಉದ್ದ ಪಾಸ್ ಕಳಿಸ್ತಾರೆ, ಕಿಮ್ಮಿಶ್ ಫ್ರೀ, ಅಲ್ಲಿಂದ ಬಾಕ್ಸ್ (ಗೋಲಿನ ಮುಂದಿನ ದೊಡ್ಡ ಚೌಕ) ಅಂಚಲ್ಲಿ ನಿಂತ ವಿರ್ಟ್ಸ್‌ಗೆ. ಐದು ಜನ ಗೋಲಿಗೆ ಅಂಟ್ಕೊಂಡು ನಿಂತಿದ್ರೂ ಬಾಕ್ಸ್ ಅಂಚಲ್ಲಿ ಯಾರೂ ಇಲ್ಲ.

ಆಮೇಲೆ ಕ್ಲಾರ್ಕ್ ನಾಲ್ವರ ಸಾಲಿಗೆ ವಾಪಸ್ ಬಂದ್ರು. ಯಾರಿಗೋಸ್ಕರ ಇಷ್ಟೆಲ್ಲಾ ಹೊಂದಿಸಿದ್ರೋ ಆ ಟಿಯರ್ನಿ ಆಗ ಬೆಂಚಲ್ಲಿ. ಅಷ್ಟು ವರ್ಷ ಕೆಲಸಕ್ಕೆ ಬಂದ ಐಡಿಯಾನ ಬಿಡೋದು ಸುಲಭ ಅಲ್ಲ, ನನ್ನ ಕೈಲಿ ಆಗಲ್ಲ ಅಂತ ಹೆಂಡತಿ ದಿನಾ ಹೇಳ್ತಾಳೆ. 2025ರ ನವೆಂಬರ್ 18, ಸ್ಕಾಟ್ಲೆಂಡಿನ ಹ್ಯಾಂಪ್ಡನ್ ಸ್ಟೇಡಿಯಂ, ಡೆನ್ಮಾರ್ಕ್ ಜೊತೆ 2-2, ಗೆದ್ರೆ ವರ್ಲ್ಡ್ ಕಪ್‌ಗೆ ಟಿಕೆಟ್. ಇಂಜುರಿ ಟೈಮಲ್ಲಿ, ಬೆಂಚಿಂದ ಬಂದ ಟಿಯರ್ನಿ ಬಾಕ್ಸ್ ಹೊರಗಿಂದ ಎಡಗಾಲಲ್ಲಿ ತಿರುಗಿಸಿ ಹೊಡೆದ್ರು, 3-2. ಡೆನ್ಮಾರ್ಕ್‌ನವರು ಪೂರ್ತಿ ಮೇಲೆ ಬಂದ್ರು, ಕೀಪರ್ ಷ್ಮೈಕಲ್ ಕೂಡ ಗೋಲು ಬಿಟ್ಟು ಮುಂದೆ. ಸ್ಕಾಟ್ಲೆಂಡಿನ ಕೆನ್ನಿ ಮೆಕ್ಲೀನ್ ಗ್ರೌಂಡಿನ ಅರ್ಧದಿಂದಾನೇ ಎತ್ತಿ ಒದ್ರು, 4-2. ಹಿಂದೆ ಕವರ್ ಇಲ್ದೆ ಹೋದ್ರೆ ಏನಾಗುತ್ತೆ ಸರ್ ಅಂತ ಯಾವ ಹುಡುಗ ಕೇಳಿದ್ರೂ ನಾನೀಗ ಮೊಬೈಲ್ ತೆಗ್ದು ಆ ಗೋಲನ್ನೇ ತೋರಿಸ್ತೀನಿ.