ಹಿನ್ನೀರಿನ ಆಚೆ ದಡಕ್ಕೆ ಎಷ್ಟು ದೂರ?

ಎಐ ಪಾಠದ ಮೊದಲ ದಿನ ನಾನು ಲ್ಯಾಪ್‌ಟಾಪ್ ತೆಗೆಯುವುದೇ ಇಲ್ಲ. ಬೋರ್ಡಿನ ಮೇಲೆ ಸಾಗರ, ಅಂಬಾರಗೋಡ್ಲು, ಸಿಗಂದೂರು, ಹೊಸನಗರ, ನಗರ, ಕೊಲ್ಲೂರು ಅಂತ ಆರು ಚುಕ್ಕಿ ಇಡುತ್ತೇನೆ. ಹುಡುಗರ ಮುಖ ಸಪ್ಪಗಾಗುತ್ತದೆ. ಚಾಟ್‌ಜಿಪಿಟಿ ಮಾಡೋದು ಹೇಗೆ ಅಂತ ಕೇಳಲು ಬಂದವರಿಗೆ ಮೇಷ್ಟ್ರು ಬಸ್ ರೂಟು ಹೇಳಿದರೆ ಇನ್ನೇನಾಗುತ್ತೆ?

"ಸಾರ್, ಇದು ಫೋನಿನ ಮ್ಯಾಪಲ್ಲೇ ಸಿಗುತ್ತಲ್ವಾ?" ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಸಿಗುತ್ತೆ. ಮ್ಯಾಪಿಗೆ ಅದು ಹೇಗೆ ಸಿಕ್ಕಿತು ಅನ್ನುವುದೇ ನಮ್ಮ ಮೊದಲ ತಿಂಗಳ ಪಾಠ.

ಸಾಗರದಿಂದ ಕೊಲ್ಲೂರಿಗೆ ಹೋಗಬೇಕು. ಯಂತ್ರಕ್ಕೆ ನಾಲ್ಕು ವಿಷಯ ಹೇಳಿಕೊಟ್ಟರೆ ಸಾಕು: ಈಗ ಎಲ್ಲಿದ್ದೀಯ, ಇಲ್ಲಿಂದ ಯಾವ್ಯಾವ ಊರಿಗೆ ದಾರಿ ಇದೆ, ಪ್ರತಿ ದಾರಿಗೆ ಎಷ್ಟು ಖರ್ಚು, ಎಲ್ಲಿ ನಿಲ್ಲಬೇಕು. ಇಷ್ಟರ ಮೇಲೆ ಅದು ಹತ್ತಿರದ ಊರಿಂದ ಶುರುಮಾಡಿ ಒಂದೊಂದಾಗಿ ಹುಡುಕುತ್ತಾ ಹೋಗುತ್ತದೆ. ಉತ್ತರವೂ ಸರಿಯಾಗೇ ಬರುತ್ತದೆ. ಆದರೆ ಕೊಲ್ಲೂರಿಗೆ ಹೊರಟ ಪುಣ್ಯಾತ್ಮ ಸೊರಬದ ಕಡೆಗೂ ಒಂದು ಸುತ್ತು ಹೋಗಿ ನೋಡುತ್ತಾನೆ. ನಮ್ಮ ಹಳ್ಳಿಯ ಯಾವ ಜೀಪ್ ಡ್ರೈವರೂ ಹೀಗೆ ಮಾಡಲ್ಲ. ಕೊಲ್ಲೂರು ಯಾವ ದಿಕ್ಕಿಗೆ, ಸುಮಾರು ಎಷ್ಟು ದೂರ ಅನ್ನುವ ಅಂದಾಜು ಅವನ ತಲೆಯಲ್ಲಿರುತ್ತದೆ. ಸಿಲೆಬಸ್‌ನಲ್ಲಿ ಇದರ ಹೆಸರು ಹ್ಯೂರಿಸ್ಟಿಕ್. ನಾನು ಅಂದಾಜು ಅಂತಲೇ ಕರೆಯುತ್ತೇನೆ.

ಆ ಅಂದಾಜನ್ನು ಯಂತ್ರಕ್ಕೆ ಕೊಡುವ ಒಂದು ಚೆಂದದ ದಾರಿ 1968ರಲ್ಲಿ ಪ್ರಕಟವಾಯಿತು. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಪೀಟರ್ ಹಾರ್ಟ್, ನಿಲ್ಸ್ ನಿಲ್ಸನ್, ಬರ್ಟ್ರಮ್ ರಾಫೆಲ್ ಮೂವರೂ ಸೇರಿ ಬರೆದದ್ದು. ಅಲ್ಲಿ ಶೇಕಿ ಅನ್ನುವ ರೋಬೋ ಒಂದಿತ್ತು, ಅದು ಕೋಣೆಯಿಂದ ಕೋಣೆಗೆ ದಾರಿ ಹುಡುಕಬೇಕಿತ್ತು. ಈ ವಿಧಾನದ ಹೆಸರು ಎ-ಸ್ಟಾರ್. ಲೆಕ್ಕ ತೀರಾ ಸರಳ. ಇಲ್ಲಿಯವರೆಗೆ ಆದ ಖರ್ಚಿಗೆ ಇನ್ನು ಆಗಬಹುದಾದ ಖರ್ಚಿನ ಅಂದಾಜನ್ನು ಕೂಡಿಸು. ಯಾವ ಊರಿನ ಮೊತ್ತ ಎಲ್ಲಕ್ಕಿಂತ ಕಡಿಮೆಯೋ ಅದನ್ನು ಮೊದಲು ನೋಡು. ಅಂದಾಜಿಗೆ ಸಾಮಾನ್ಯವಾಗಿ ಕಾಗೆ ಹಾರುವ ನೇರ ದೂರವನ್ನೇ ಇಡುತ್ತೇವೆ.

ಮಲೆನಾಡಿನ ಮಕ್ಕಳು ಇಲ್ಲೇ ಹಿಡಿಯುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿನ್ನೀರು ನಿಂತ ಸೀಮೆ ಇದು. ಅಂಬಾರಗೋಡ್ಲಿನ ದಡದಲ್ಲಿ ನಿಂತರೆ ಆಚೆ ದಡ ಕಣ್ಣಿಗೆ ಕಾಣುತ್ತೆ, ಆದರೆ ಲಾಂಚ್, ಅಂದರೆ ಜನ-ವಾಹನ ದಾಟಿಸುವ ಯಂತ್ರದೋಣಿ, ಇಲ್ಲದ ಹೊತ್ತಲ್ಲಿ ಸುತ್ತಿಬಳಸಿ ಹೋಗಬೇಕಿತ್ತು. "ಕಾಗೆ ದೂರ ಸುಳ್ಳು ಹೇಳಿತಲ್ಲ ಸಾರ್!" ಹೌದು, ಹೇಳಿತು. ಯಂತ್ರ ನೀರಿನ ಅಂಚಿನವರೆಗೆ ಹೋಗಿ, ಪೆಚ್ಚಾಗಿ, ಹೊಸನಗರದ ದಾರಿಗೆ ತಿರುಗುತ್ತದೆ. ತಿರುಗಾಟ ಜಾಸ್ತಿಯಾಯಿತು. ಉತ್ತರ ಮಾತ್ರ ಕೆಡಲಿಲ್ಲ, ಯಾಕೆಂದರೆ ಕಾಗೆ ದೂರ ನಿಜವಾದ ದಾರಿಗಿಂತ ಎಂದೂ ಜಾಸ್ತಿಯಾಗಲ್ಲ.

ಕೆಡುವುದು ಇನ್ನೊಂದು ಬಗೆಯಲ್ಲಿ. ಒಮ್ಮೆ ಲೆಕ್ಕವನ್ನು ಗಂಟೆಗಳಲ್ಲಿ ಮಾಡಿಸಿದೆ. ಬೋರ್ಡಿನ ಮೇಲೆ ಸುಮ್ನೆ ನಾನೇ ಹಾಕಿದ ಸಂಖ್ಯೆಗಳು: ಸಾಗರದಿಂದ ದಡಕ್ಕೆ 1 ಗಂಟೆ, ಅಲ್ಲಿಂದ ಲಾಂಚ್ ಹಿಡಿದು ಕೊಲ್ಲೂರಿಗೆ ಒಂದೂವರೆ. ಹೊಸನಗರದ ಮೇಲೆ ಹೋದರೆ ಒಟ್ಟು 3. ಒಬ್ಬ ಹುಡುಗ ದಡದಿಂದ ಕೊಲ್ಲೂರಿಗೆ ಇರುವ ಅಂದಾಜನ್ನು 3 ಗಂಟೆ ಅಂತ ಇಟ್ಟ. ಜಾತ್ರೆ ದಿನ ಲಾಂಚಿಗೆ ಕಾದು ಸುಸ್ತಾದ ನೆನಪು ಅವನಿಗೆ! ಯಂತ್ರಕ್ಕೆ ಆ ಕಡೆ 4 ಗಂಟೆ ಅಂತ ಕಂಡಿತು. ಎರಡೂವರೆ ಗಂಟೆಯ ದಾರಿಯನ್ನು ಮೂಸಿಯೂ ನೋಡದೆ 3 ಗಂಟೆಯದ್ದನ್ನೇ ಕೊಟ್ಟು ಕೂತಿತು. ಅಂದಾಜು ನಿಜಕ್ಕಿಂತ ಕಡಿಮೆ ಇದ್ದರೆ ನಷ್ಟ ಬರೀ ದುಡಿಮೆಯದು. ನಿಜಕ್ಕಿಂತ ಜಾಸ್ತಿಯಾದರೆ ಒಳ್ಳೆಯ ದಾರಿಯೇ ಕೈತಪ್ಪಬಹುದು. ಪುಸ್ತಕದಲ್ಲಿ ಅರ್ಧ ಪುಟದ ಪ್ರಮೇಯ ಇದು. ಲಾಂಚಿನ ನೆಪದಲ್ಲಿ ಹತ್ತೇ ನಿಮಿಷಕ್ಕೆ ತಲೆಗೆ ಹೋಯಿತು.

ಚರಿತ್ರೆಯನ್ನು ನಾನು ಬೇಗ ಮುಗಿಸುತ್ತೇನೆ. ಯಂತ್ರ ಯೋಚಿಸಬಲ್ಲದೇ ಅಂತ 1950ರಲ್ಲಿ ಗಣಿತಜ್ಞ ಟ್ಯೂರಿಂಗ್ ಕೇಳಿದ ಪ್ರಶ್ನೆ, ಎಐ ಅನ್ನುವ ಹೆಸರಿನಲ್ಲೇ ಸೇರಿದ 1956ರ ಡಾರ್ಟ್‌ಮತ್ ಸಭೆ, 1997ರಲ್ಲಿ ಕ್ಯಾಸ್ಪರೋವ್‌ನನ್ನು ಚೆಸ್‌ನಲ್ಲಿ ಸೋಲಿಸಿದ ಡೀಪ್ ಬ್ಲೂ ಕಂಪ್ಯೂಟರ್. ಪರೀಕ್ಷೆಗೆ ಬೇಕಾದಷ್ಟು, ಅಷ್ಟೇ.

ಎರಡನೇ ಭಾಗದಲ್ಲಿ ಯಂತ್ರ ಉದಾಹರಣೆ ನೋಡಿ ತಾನೇ ಅಂದಾಜು ಕಟ್ಟುತ್ತದೆ. ಇಲ್ಲಿ ತೋಟಕ್ಕೆ ಹೋಗುತ್ತೇವೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೀರ್ಥಹಳ್ಳಿ, ಹೊಸನಗರದ ಕಡೆಯವರ ನಿದ್ದೆ ಕೆಟ್ಟಿದೆ, ಹಾಗಾಗಿ ಮಕ್ಕಳೂ ಅದನ್ನೇ ಆರಿಸುತ್ತಾರೆ. ಎಲೆಯ ಫೋಟೋ ನೋಡಿ ರೋಗ ಇದೆಯೋ ಇಲ್ಲವೋ ಹೇಳಬೇಕು. ಒಂದು ತಂಡದ್ದು ನೂರಕ್ಕೆ ನೂರರ ಹತ್ತಿರ ಬಂತು. ನನಗೆ ಖುಷಿಗಿಂತ ಗುಮಾನಿಯೇ ಜಾಸ್ತಿ ಆಯಿತು. ಕೆದಕಿದರೆ, ಒಂದೇ ಎಲೆಯನ್ನು ನಾಲ್ಕೈದು ಸಲ ಕ್ಲಿಕ್ಕಿಸಿದ್ದಾರೆ. ಆಮೇಲೆ ಎಲ್ಲ ಫೋಟೋ ಕಲಸಿ, ಒಂದಿಷ್ಟನ್ನು ಕಲಿಕೆಗೆ, ಉಳಿದದ್ದನ್ನು ಪರೀಕ್ಷೆಗೆ ಇಟ್ಟಿದ್ದಾರೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ ಹಾಗಾಯಿತು. ಒಂದು ಮರದ ಫೋಟೋಗಳೆಲ್ಲ ಒಂದೇ ಕಡೆ ಇರುವ ಹಾಗೆ ಮರ ಲೆಕ್ಕದಲ್ಲಿ ಬೇರೆ ಮಾಡಿ ಅಂದೆ. ಅಂಕ ದಬಕ್ಕನೆ ಇಳಿಯಿತು.

ಇನ್ನೊಂದು ತಂಡದ್ದು 95. ಅವರು ತಂದ 100 ಎಲೆಯಲ್ಲಿ ರೋಗದ್ದು 5 ಮಾತ್ರ. "ರೋಗ ಇಲ್ಲ" ಅಂತ ಕಣ್ಣು ಮುಚ್ಚಿ ಹೇಳುವ ಗೋಡೆಗಡಿಯಾರಕ್ಕೂ 95 ಬರುತ್ತಿತ್ತು. ನಮಗೆ ಬೇಕಾದದ್ದು ಆ 5ರಲ್ಲಿ ಎಷ್ಟು ಹಿಡಿದಿರಿ ಅನ್ನುವ ಲೆಕ್ಕ.

ಚಾಟ್‌ಜಿಪಿಟಿಯ ಸರದಿ ಬರುವುದು ಕೊನೆಯ ವಾರಗಳಲ್ಲಿ. ಅದೂ ಅಂದಾಜೇ, ಮುಂದಿನ ಪದ ಯಾವುದಿರಬಹುದು ಅಂತ. ಆದರೆ ಕಾಗೆ ದೂರದ ವಿಷಯದಲ್ಲಿ ಕೊಟ್ಟ ಖಾತರಿಯನ್ನು ಇದರ ವಿಷಯದಲ್ಲಿ ನಾನು ಬೋರ್ಡಿನ ಮೇಲೆ ಬರೆದುಕೊಡಲಾರೆ. ಎತ್ತ ತಪ್ಪುತ್ತೆ, ಎಷ್ಟು ತಪ್ಪುತ್ತೆ ಅಂತ ಮೊದಲೇ ಕಟ್ಟು ಹಾಕಲು ಬರಲ್ಲ.

2025ರ ಜುಲೈನಲ್ಲಿ ಹಿನ್ನೀರಿಗೆ ಸೇತುವೆ ಬಂತು. ತುಮರಿ ಕಡೆಯ ಹುಡುಗಿಯೊಬ್ಬಳು, "ಇನ್ನು ನಿಮ್ಮ ಲಾಂಚ್ ಲೆಕ್ಕ ಮುಗೀತು ಸಾರ್" ಅಂದಳು. ಅವಳ ಕೈಗೇ ಡಸ್ಟರ್ ಕೊಟ್ಟೆ. ಲಾಂಚಿನ ಗೆರೆ ಅಳಿಸಿ, ಸೇತುವೆ ಬರೆದು, ಒಂದು ಸಂಖ್ಯೆ ಬದಲಾಯಿಸಿದಳು. ಮಿಕ್ಕಿದ್ದೆಲ್ಲ ಹಾಗೇ ಇತ್ತು. ಎಲೆ ತಂಡದವರು ಅಷ್ಟು ಸುಲಭಕ್ಕೆ ಪಾರಾಗಲಿಲ್ಲ. ಅವರ ಫೋಟೋಗಳೆಲ್ಲ ಬೇಸಿಗೆಯವು. ಮಳೆಗಾಲದ ಎಲೆಗೆ ಮತ್ತೆ ತೋಟಕ್ಕೆ ಹೋಗಬೇಕಾಯಿತು, ಈ ಸಲ ಕೊಡೆ ಹಿಡಿದು, ಇಂಬಳಕ್ಕೆ ಉಪ್ಪು ಕಟ್ಟಿಕೊಂಡು.