ಹರಿದು ಬಿದ್ದ ತಂತಿಯಲ್ಲಿ ಕರೆಂಟ್ ಇರುತ್ತದೆ

ರಾಯಚೂರು ಜಿಲ್ಲೆಯ ಮಾನ್ವಿ, ಮಸ್ಕಿ, ಸಿಂಧನೂರಿನಂತಹ ಊರುಗಳಲ್ಲಿ ಏಪ್ರಿಲ್–ಮೇ ತಿಂಗಳ ಸಂಜೆ ದೂಳೆಬ್ಬಿಸಿ ಗಾಳಿ ಬೀಸಿದರೆ, ನಾಲ್ಕು ಹನಿ ಉದುರುವಷ್ಟರಲ್ಲಿ ಕರೆಂಟ್ ಹೋಗಿರುತ್ತದೆ. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವಿರುವ ಜಿಲ್ಲೆಯಲ್ಲಿ ಹೀಗೇಕೆ ಎಂದು ಜನ ಕೇಳುವುದು ಸಹಜ. ಇಂತಹ ಸಂಜೆ ಸೋಲುವುದು ಸಾಮಾನ್ಯವಾಗಿ ಉತ್ಪಾದನೆಯಲ್ಲ, ಉಪಕೇಂದ್ರದಿಂದ ನಮ್ಮ ಓಣಿಯ ಟಿಸಿಯವರೆಗೆ (ಟ್ರಾನ್ಸ್‌ಫಾರ್ಮರ್‌ವರೆಗೆ) ಬಯಲಿನಲ್ಲಿ ಹಾದು ಬರುವ 11 ಕಿಲೋವೋಲ್ಟ್ ಮಾರ್ಗ.

ಬೇಸಿಗೆಯುದ್ದಕ್ಕೂ ಕಂಬದ ಮೇಲಿನ ಪಿಂಗಾಣಿ ಇನ್ಸುಲೇಟರುಗಳ ಮೇಲೆ ದೂಳು ಕೂತಿರುತ್ತದೆ. ಒಣಗಿದ ದೂಳಿನಿಂದ ಅಪಾಯವಿಲ್ಲ. ತುಂತುರು ಬಿದ್ದೊಡನೆ ಅದರಲ್ಲಿನ ಲವಣ ಕರಗಿ, ವಿದ್ಯುತ್ತು ಹರಿಯಬಲ್ಲ ತೆಳುವಾದ ಕೆಸರಿನ ಪದರವಾಗುತ್ತದೆ. ಆಗ ಕಂಬದ ಬಳಿ ಚರ್‍ರೆಂಬ ಸದ್ದು ಕೇಳುತ್ತದೆ, ಕತ್ತಲಾಗಿದ್ದರೆ ನೀಲಿ ಕಿಡಿಯೂ ಕಾಣುತ್ತದೆ. ಜೋರು ಮಳೆ ಈ ಕೊಳೆಯನ್ನು ತೊಳೆದುಬಿಡುವುದರಿಂದ, ಈ ಬಗೆಯ ದೋಷಕ್ಕೆ ಭಾರಿ ಮಳೆಗಿಂತ ಮೊದಲ ಜಿನುಗೇ ಹೆಚ್ಚು ಕಾರಣವಾಗುತ್ತದೆ. ಉಳಿದ ಕೆಲಸವನ್ನು ಬೇವಿನ ಕೊಂಬೆಗಳೂ ತಂತಿಯ ಕೆಳಗೆ ಬೆಳೆದ ಬಳ್ಳಾರಿ ಜಾಲಿಯೂ ಮಾಡುತ್ತವೆ.

ನನಗೆ ಆತಂಕವಿರುವುದು ಹರಿದು ಬೀಳುವ ತಂತಿಯ ಬಗ್ಗೆ. ನೆಲಕ್ಕೆ ತಾಗಿದ ತಂತಿಯಲ್ಲಿ ಕರೆಂಟ್ ತಾನಾಗಿಯೇ ಕಡಿದುಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಈ ನಂಬಿಕೆ ಜೀವ ತೆಗೆಯುವಂಥದ್ದು. ದೋಷ ಕಂಡಾಗ ಕರೆಂಟ್ ಕಡಿಯುವ ಉಪಕೇಂದ್ರದ ಬ್ರೇಕರ್ ಟ್ರಿಪ್ ಆಗಬೇಕಾದರೆ ನೆಲದ ಮೂಲಕ ಸಾಕಷ್ಟು ವಿದ್ಯುತ್ತು ಹರಿಯಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗಿದ ನಮ್ಮ ಎರೆ ನೆಲ ಅಷ್ಟನ್ನು ಹರಿಯಗೊಡದಿದ್ದಾಗ, ಬ್ರೇಕರಿಗೆ ದೋಷ ಗೊತ್ತೇ ಆಗದೆ, ತಂತಿ ಜೀವಂತವಾಗಿಯೇ ಬಿದ್ದಿರುತ್ತದೆ. ಒಮ್ಮೆ ನಿಂತ ಕರೆಂಟ್ ಮತ್ತೆ ಬರಲೂಬಹುದು.

ತಂತಿಯನ್ನು ಮುಟ್ಟದಿದ್ದರೂ ಅಪಾಯ ತಪ್ಪುವುದಿಲ್ಲ. ತಂತಿ ತಾಗಿದ ಜಾಗದಿಂದ ದೂರ ಹೋದಂತೆಲ್ಲ ನೆಲದ ವೋಲ್ಟೇಜ್ ಇಳಿಯುತ್ತದೆ. ಎರಡು ಪಾದಗಳು ಬೇರೆ ಬೇರೆ ದೂರದಲ್ಲಿದ್ದರೆ ಆ ವ್ಯತ್ಯಾಸದಿಂದ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಎತ್ತಿನ ಮುಂಗಾಲು ಹಿಂಗಾಲುಗಳ ನಡುವಿನ ಅಂತರ ನಮ್ಮ ಹೆಜ್ಜೆಗಿಂತ ಹೆಚ್ಚು, ನಡುವೆ ಹೃದಯವೂ ಇದೆ. ಆದ್ದರಿಂದಲೇ ಮನುಷ್ಯ ಬದುಕುಳಿದ ಜಾಗದಲ್ಲಿ ದನ ಸತ್ತುಬೀಳುತ್ತದೆ. ಬಿದ್ದ ದನವನ್ನು ಎಬ್ಬಿಸಲು ಓಡಬೇಡಿ. ಕನಿಷ್ಠ ಹತ್ತು ಮೀಟರ್ ದೂರ ನಿಂತು, ಮಕ್ಕಳನ್ನು ತಡೆದು, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಆಗಲೇ ಹತ್ತಿರದಲ್ಲಿದ್ದರೆ, ಪಾದಗಳನ್ನು ಒಂದಕ್ಕೊಂದು ತಾಗಿಸಿಕೊಂಡು, ನೆಲದಿಂದ ಎತ್ತದೆ, ಇಂಚಿಂಚಾಗಿ ಜರುಗುತ್ತ ದೂರ ಸರಿಯಬೇಕು.

ಕರೆಂಟ್ ಹೋದಾಗ ಅಂಗಡಿಯ ಜನರೇಟರಿನ ವೈರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವವರಿದ್ದಾರೆ. ಮೇನ್ ಸ್ವಿಚ್ ಆಫ್ ಮಾಡದಿದ್ದರೆ ಆ 230 ವೋಲ್ಟ್ ಹಿಮ್ಮುಖವಾಗಿ ಟಿಸಿ ಸೇರುತ್ತದೆ. 11 ಸಾವಿರವನ್ನು ಇಳಿಸುವ ಅದೇ ಟಿಸಿ, ತಿರುಗಿ ಬಂದ ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸಬಲ್ಲದು. ವೈರಿಂಗನ್ನು ಒಮ್ಮೆಗೆ ಮಾರ್ಗಕ್ಕೆ ಇಲ್ಲವೇ ಜನರೇಟರಿಗೆ ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ಜೋಡಿಸಲೇಬಾರದು, ಏಕೆಂದರೆ ಮಾರ್ಗ ಬಂದ್ ಆಗಿದೆಯೆಂದು ತಿಳಿದು ಅದೇ ಹೊತ್ತಿನಲ್ಲಿ ಲೈನ್‌ಮ್ಯಾನ್ ನೆನೆದ ಕಂಬವನ್ನು ಹತ್ತುತ್ತಿರುತ್ತಾನೆ.