ಹಗೆ ಸವೆಯುವ ದಾರಿ: ‘ಬ್ಲೇಡ್ ಆಫ್ ದಿ ಇಮ್ಮಾರ್ಟಲ್’ ಮಾಂಗಾದಿಂದ ಅನಿಮೆಗೆ

ಮಾಂಗಾದಿಂದ (ಜಪಾನಿನ ಚಿತ್ರಕಥೆ) ಅನಿಮೆಗೆ (ಜಪಾನಿನ ಆನಿಮೇಷನ್) ಆಗುವ ರೂಪಾಂತರವನ್ನು ಅಭ್ಯಾಸ ಮಾಡುತ್ತಿರುವವರಿಗೆ ಹಿರೋಆಕಿ ಸಮುರಾ ಅವರ ‘ಬ್ಲೇಡ್ ಆಫ್ ದಿ ಇಮ್ಮಾರ್ಟಲ್’ ಒಳ್ಳೆಯ ಪಾಠ. ಒಂದೇ ಮಾಂಗಾ ಎರಡು ಬಾರಿ ಅನಿಮೆಯಾಗಿದೆ, ಎರಡೂ ಬಾರಿ ಬೇರೆ ಬೇರೆ ಕಡೆ ಸೋತಿದೆ, ಬೇರೆ ಬೇರೆ ಕಡೆ ಗೆದ್ದಿದೆ. ಮೂಲ ಕೃತಿ 1993ರಿಂದ 2012ರವರೆಗೆ ಕೋದನ್ಶಾ ಸಂಸ್ಥೆಯ ‘ಆಫ್ಟರ್‌ನೂನ್’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಒಟ್ಟು 30 ಸಂಪುಟ.

ಕಥೆಯ ಹಂದರ ಸರಳ. 18ನೇ ಶತಮಾನದ ಕೊನೆಯ ಭಾಗದ ಜಪಾನ್. ಕತ್ತಿವರಸೆಯ ಗರಡಿಯೊಂದರ ಒಡೆಯನ ಮಗಳು ರಿನ್. ಅನೊತ್ಸು ಕಗೆಹಿಸಾ ಎಂಬ ಯುವಕನ ‘ಇತ್ತೋ ರ್ಯೂ’ ಎಂಬ ಕತ್ತಿವರಸೆ ಪಂಥದವರು ಒಂದು ರಾತ್ರಿ ನುಗ್ಗಿ ಅವಳ ತಂದೆಯನ್ನು ಕೊಂದು ತಾಯಿಯನ್ನು ಎಳೆದೊಯ್ಯುತ್ತಾರೆ. ಎರಡು ವರ್ಷಗಳ ನಂತರ ಅವಳು ಮಂಜಿ ಎಂಬ ಕತ್ತಿಗಾರನ ನೆರವು ಕೇಳುತ್ತಾಳೆ. ಅವನ ಮೈಯೊಳಗೆ ಒಂದು ಜಾತಿಯ ಹುಳುಗಳಿವೆ. ಎಷ್ಟೇ ಆಳವಾದ ಗಾಯವನ್ನೂ ಅವು ಹೊಲಿದುಬಿಡುತ್ತವೆ, ಆದ್ದರಿಂದ ಅವನಿಗೆ ಸಾವಿಲ್ಲ. ಹಿಂದೆ ನೂರು ಜನರನ್ನು ಕೊಂದ ಪಾಪಕ್ಕೆ ಸಾವಿರ ದುಷ್ಟರನ್ನು ಕೊಲ್ಲುತ್ತೇನೆ, ಆಮೇಲೆ ನನ್ನನ್ನು ಸಾಯಲು ಬಿಡು ಎಂಬುದು ಆ ಹುಳುಗಳನ್ನು ಕೊಟ್ಟ ವೃದ್ಧ ಸನ್ಯಾಸಿನಿಯೊಡನೆ ಅವನು ಮಾಡಿಕೊಂಡ ಕರಾರು.

ಇಲ್ಲಿ ಸ್ವಲ್ಪ ಇತಿಹಾಸ ಬೇಕು. ಇದಿಲ್ಲದೆ ಕಥೆಯ ಅರ್ಧ ಕೈತಪ್ಪುತ್ತದೆ. ಈ ಕಥೆ ನಡೆಯುವ ತೊಕುಗವಾ ಮನೆತನದ ಆಳ್ವಿಕೆಯ ಜಪಾನಿನಲ್ಲಿ ಸೇಡಿಗೆ ಕಾನೂನಿನ ಚೌಕಟ್ಟೇ ಇತ್ತು. ಅದಕ್ಕೆ ‘ಕತಾಕಿಉಚಿ’ ಎನ್ನುತ್ತಿದ್ದರು. ತಂದೆ, ಅಣ್ಣ, ಒಡೆಯ ಇಂಥ ಹಿರಿಯರನ್ನು ಕೊಂದವನನ್ನು ಬೆನ್ನಟ್ಟಲು ಸಮುರಾಯ್ ತನ್ನ ಪ್ರಭುವಿನ ಅನುಮತಿ ಪಡೆಯಬೇಕಿತ್ತು, ಸರ್ಕಾರದ ದಾಖಲೆಯಲ್ಲಿ ಹೆಸರು ನೋಂದಾಯಿಸಬೇಕಿತ್ತು. ಮಗನ ಅಥವಾ ತಮ್ಮನ ಸಾವಿಗೆ ಈ ಅನುಮತಿ ಇರಲಿಲ್ಲ. ಸೇಡಿಗೆ ಮರುಸೇಡು ನಿಷಿದ್ಧ: ಹೀಗೆ ಹತನಾದವನ ಮಗ ಮತ್ತೆ ಕತ್ತಿ ಎತ್ತುವಂತಿಲ್ಲ. ತೊಕುಗವಾ ಆಳ್ವಿಕೆಯ ನಂತರ ಬಂದ ಮೇಜಿ ಸರ್ಕಾರ 1873ರಲ್ಲಿ ಈ ಪದ್ಧತಿಯನ್ನೇ ರದ್ದು ಮಾಡಿತು.

ಹಗೆಯ ಸರಪಳಿಯನ್ನು ಎಲ್ಲೋ ಒಂದು ಕಡೆ ತುಂಡರಿಸಲು ಕಾನೂನು ಹಾಕಿದ ಗೆರೆ ಅದು. ಸಮುರಾ ತಮ್ಮ ಇಡೀ ಕಥೆಯನ್ನು ಆ ಗೆರೆಯ ಆಚೆಗೆ ಕಟ್ಟಿದ್ದಾರೆ. ಅನೊತ್ಸು ರಿನ್‌ಳ ಮನೆ ಹಾಳುಮಾಡಿದ್ದಕ್ಕೆ ಕಾರಣ ಅದೇ ಗರಡಿ ಅವನ ಅಜ್ಜನನ್ನು ಹೊರಗೆ ಹಾಕಿದ್ದು. ಎಂದರೆ, ರಿನ್ ಯಾವುದಕ್ಕೆ ಮುಯ್ಯಿ ತೀರಿಸಲು ಹೊರಟಿದ್ದಾಳೋ ಅದೇ ಒಂದು ಮುಯ್ಯಿ. ಆ ರಾತ್ರಿ ನುಗ್ಗಿದವರಲ್ಲಿ ಒಬ್ಬನಾಗಿ ಅವಳ ಸೇಡಿನ ಪಟ್ಟಿಯಲ್ಲಿರುವ ಅರಾಯಾ ಕವಕಾಮಿ ಈಗ ಮುಖವಾಡ ಕೆತ್ತಿಕೊಂಡು, ರೆಂಜೋ ಎಂಬ ಮಗನನ್ನು ಸಾಕುತ್ತಾ ಬದುಕಿದ್ದಾನೆ. ಅವನು ಮಾಡಿದ್ದು ಕ್ಷಮೆಗೆ ಮೀರಿದ ಕೃತ್ಯ. ಆದರೆ ಅವನು ಸತ್ತ ದಿನ ರೆಂಜೋ ತಂದೆಯಿಲ್ಲದವನಾಗುತ್ತಾನೆ, ರಿನ್ ಆದ ಹಾಗೆಯೇ. ಆ ಹುಡುಗ ಮುಂದೆ ಕಥೆಗೆ ಮರಳಿ ಬರುತ್ತಾನೆ. ಈ ಪ್ರಸಂಗವನ್ನು ಎರಡು ಸಲ ಓದಿ. ಮೊದಲ ಸಲ ರಿನ್‌ಳ ಮುಖ ನೋಡುತ್ತಾ, ಎರಡನೆಯ ಸಲ ಹುಡುಗನ ಮುಖ ನೋಡುತ್ತಾ.

ನನ್ನ ಮುಖ್ಯ ಮಾತು ಇದು: ಈ ಕೃತಿಯಲ್ಲಿ ಹಗೆಯನ್ನು ಸವೆಸುವುದು ಕಾಲ. ಯಾರ ಉಪದೇಶದಿಂದಲೂ ರಿನ್ ಬದಲಾಗುವುದಿಲ್ಲ. ತಿಂಗಳುಗಟ್ಟಲೆ ನಡೆಯುತ್ತಾಳೆ, ತಪಾಸಣೆಯ ಠಾಣೆಗಳನ್ನು ದಾಟುತ್ತಾಳೆ, ಹಸಿಯುತ್ತಾಳೆ, ಕಾಯುತ್ತಾಳೆ. ಕೊನೆಗೆ ಒಂದು ಹಂತದಲ್ಲಿ ಅನೊತ್ಸು ಕಾಯಿಲೆ ಬಿದ್ದು ಅವಳ ಕೈಗೆ ಸಿಕ್ಕೇಬಿಡುತ್ತಾನೆ, ಅವಳು ಅವನ ಜೊತೆಯಲ್ಲೇ ದಾರಿ ನಡೆಯುತ್ತಾಳೆ. ಆ ಸಂಪುಟಗಳಿಗೆ ಬರುವಷ್ಟರಲ್ಲಿ ಓದುಗನೂ ದಣಿದಿರುತ್ತಾನೆ, ಆದ್ದರಿಂದಲೇ ಅವಳ ಕೈ ಏಕೆ ಏಳಲಿಲ್ಲ ಎಂದು ಯಾರೂ ವಿವರಿಸಬೇಕಾಗಿಲ್ಲ.

ಅನಿಮೆಗೆ ಕಷ್ಟವಾಗುವುದು ಇಲ್ಲಿಯೇ. 2019ರ ಅಕ್ಟೋಬರ್‌ನಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ ಆರಂಭವಾದ ಸರಣಿಯನ್ನು ಲೈಡೆನ್ ಫಿಲ್ಮ್ಸ್ ತಯಾರಿಸಿತು, ನಿರ್ದೇಶನ ಹಿರೋಶಿ ಹಮಾಸಾಕಿ ಅವರದು. 30 ಸಂಪುಟಗಳಿಗೆ 24 ಕಂತು, ಅಂದರೆ ಕಂತೊಂದಕ್ಕೆ ಸರಾಸರಿ ಒಂದೂಕಾಲು ಸಂಪುಟ. ಘಟನೆಗಳು ಹೇಗೋ ಅಡಕವಾಗಿವೆ, ಘಟನೆಗಳ ನಡುವಿನ ನಡಿಗೆಗೆ ಜಾಗ ಸಿಕ್ಕಿಲ್ಲ. ಹೊಸಬರಿಗೆ ಯಾರು ಯಾವ ಪಕ್ಷ ಎಂದು ತಿಳಿಯುವುದರೊಳಗೆ ಆ ಪಾತ್ರ ಹೆಣವಾಗಿರುತ್ತದೆ. ಹಾಗೆಂದು ಈ ಸರಣಿಯನ್ನು ತಳ್ಳಿಹಾಕಲಾರೆ. ಕತ್ತಿ ಬೀಸುವ ಚಲನೆಯನ್ನು ಪೂರ್ತಿ ತೋರಿಸದೆ, ಕಣ್ಣು, ಬೆರಳು, ಬಟ್ಟೆಯ ಅಂಚು ಎಂದು ತುಣುಕು ತುಣುಕಾಗಿ ಕತ್ತರಿಸಿ ಜೋಡಿಸುವ ಅದರ ಧೈರ್ಯ ನನಗೆ ಬಹಳ ಹಿಡಿಸಿತು. ಎಯ್ಕೊ ಇಶಿಬಾಶಿ ಅವರ ಸಂಗೀತ ಆ ಬಿರುಕುಗಳನ್ನು ಮುಚ್ಚದೆ ಹಾಗೆಯೇ ಬಿಡುತ್ತದೆ.

2008ರ ಸರಣಿ ಬೀ ಟ್ರೇನ್ ಸ್ಟುಡಿಯೋದ್ದು, ನಿರ್ದೇಶಕರು ಕೋಯಿಚಿ ಮಶಿಮೊ. 13 ಕಂತು, ಆರಂಭದ ಸಂಪುಟಗಳಷ್ಟೇ. ನಿಧಾನವಾಗಿ ಉಸಿರಾಡುತ್ತದೆ, ಆದರೆ ರಿನ್‌ಳ ಸಂಶಯ ಬೇರುಬಿಡುವ ಮೊದಲೇ ಮುಗಿಯುತ್ತದೆ.

ಎರಡಕ್ಕೂ ದಕ್ಕದ ಒಂದು ಗುಣ ಮೂಲದ ಗೆರೆಯಲ್ಲಿದೆ. ಕಲಾ ವಿಶ್ವವಿದ್ಯಾಲಯದಲ್ಲಿ ತೈಲವರ್ಣ ಕಲಿತ ಸಮುರಾ ಶಾಯಿಯ ಗೆರೆಯ ನಡುವೆ ಪೆನ್ಸಿಲ್ ಬಳಸುತ್ತಾರೆ. ಕಾಳಗದ ತುತ್ತತುದಿಯಲ್ಲಿ ಇಡೀ ಪುಟ ಮಸುಕಾದ ಸೀಸದ ಬಣ್ಣಕ್ಕೆ ತಿರುಗಿ ನಿಂತುಬಿಡುತ್ತದೆ. ನೂರಾರು ಕೈಗಳು ಬಿಡಿಸುವ ಅನಿಮೆಗೆ ಎಲ್ಲರೂ ಅನುಸರಿಸಬಲ್ಲ ಶುದ್ಧ ಗೆರೆ ಬೇಕು, ಒಬ್ಬನ ಕೈಯ ಒರಟುತನವನ್ನು ಸಾವಿರಾರು ಚಿತ್ರಗಳಲ್ಲಿ ಮರಳಿ ತರುವುದು ಸುಲಭವಲ್ಲ.

ಅಭ್ಯಾಸಕ್ಕೆ ಕುರೋಯಿ ಸಬಾತೋ ಪ್ರಸಂಗವನ್ನು ಆರಿಸಿಕೊಳ್ಳಿ. ಕಥೆಯ ಆರಂಭದಲ್ಲೇ ಬರುತ್ತದೆ, ಮಾಂಗಾದಲ್ಲಿಯೂ ಎರಡು ಸರಣಿಗಳಲ್ಲಿಯೂ ಇದೆ. ರಿನ್‌ಗೆ ಪ್ರೇಮದ ಕವಿತೆ ಬರೆದು ಕಳಿಸುವ, ಇತ್ತೋ ರ್ಯೂ ಪಂಥದ ಈ ಮನುಷ್ಯ ತನ್ನ ಹೆಗಲಿಗೆ ಹೊಲಿದುಕೊಂಡಿರುವುದು ಹೆಣ್ಣಿನ ತಲೆಗಳನ್ನು, ಅದರಲ್ಲಿ ಒಂದು ಅವಳ ತಾಯಿಯದು. ಮೊದಲು ಮಾಂಗಾ ಓದಿ, ರಿನ್‌ಗೆ ವಿಷಯ ತಿಳಿಯುವ ಚಿತ್ರದ ಚೌಕದ ಹಿಂದೆ ಮತ್ತು ಮುಂದೆ ಮಾತಿಲ್ಲದ ಚೌಕಗಳು ಎಷ್ಟಿವೆ ಎಂದು ಎಣಿಸಿ. ಆಮೇಲೆ ಎರಡೂ ಅನಿಮೆಗಳಲ್ಲಿ ಅದೇ ಕ್ಷಣದ ಮೌನ ಎಷ್ಟು ಹೊತ್ತು ನಿಲ್ಲುತ್ತದೆ, ಆ ಹೊತ್ತಿನಲ್ಲಿ ಕ್ಯಾಮೆರಾ ಅವಳ ಮುಖದಲ್ಲಿದೆಯೋ ಅವನ ಹೆಗಲಿನಲ್ಲಿದೆಯೋ ಎಂದು ಬರೆದಿಟ್ಟುಕೊಳ್ಳಿ. ಮೂರೂ ಟಿಪ್ಪಣಿ ಪಕ್ಕಪಕ್ಕ ಇಟ್ಟ ಮೇಲೆ ಮುಂದಿನ ಕಂತಿಗೆ ಹೋಗಿ.